ನಾಲ್ಕು ತಾಲೂಕಿನ ಒಂದು ಮುಚ್ಚಳ

ಇಂಡಿಯಲ್ಲಿ ನನ್ನ ಸೋದರಮಾವನಿಗೆ ಒಂದು ಸಣ್ಣ ಛಾಪಖಾನೆ ಇತ್ತು. ಮನೆಯ ಮುಂದಿನ ಕೋಣೆಯೇ ಛಾಪಖಾನೆ, ಹಿಂದೆ ಪಡಸಾಲೆ, ಅಡುಗೆಮನೆ. ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಲಗ್ನಪತ್ರಿಕೆ. ಮಾವನ ಹೆಸರು ಸುತ್ತಮುತ್ತ ಓಡಾಡುತ್ತಿದ್ದದ್ದೂ ಅದರಿಂದಲೇ, ಯಾಕೆಂದರೆ ಅವನ ಕೈಯಿಂದ ಹೊರಟ ಪತ್ರಿಕೆಯಲ್ಲಿ ಒಬ್ಬ ಬೀಗನ ಹೆಸರೂ ತಪ್ಪಿದ್ದಿಲ್ಲ.

ಇದನ್ನು ಸಣ್ಣ ಮಾತು ಎಂದುಕೊಳ್ಳಬಾರದು. ನಮ್ಮ ಕಡೆ ಲಗ್ನಪತ್ರಿಕೆಯನ್ನು ಯಾರೂ ಮುಹೂರ್ತ ತಿಳಿಯಲು ಓದುವುದಿಲ್ಲ. ಮುಹೂರ್ತ ಬಾಯಿಂದ ಬಾಯಿಗೆ ಮೊದಲೇ ತಲುಪಿರುತ್ತದೆ. ಪತ್ರಿಕೆ ಕೈಗೆ ಬಿದ್ದ ಕೂಡಲೇ ಮನುಷ್ಯ ಹೆಬ್ಬೆರಳನ್ನು ಕೆಳಗಿನ ಸಾಲುಗಳ ಮೇಲೆ ಓಡಿಸಿ ತನ್ನ ಹೆಸರು ಹುಡುಕುತ್ತಾನೆ. ಸಿಕ್ಕರೆ, ಯಾರ ಹೆಸರಿನ ಹಿಂದೆ ನಿಂತಿದ್ದೇನೆ ಎಂದು ನೋಡುತ್ತಾನೆ. ತನಗಿಂತ ಕಿರಿಯವನ ಹಿಂದೆ ನಿಂತಿದ್ದೇನೆ ಎಂದು ಕಂಡುಕೊಂಡ ಅಗರಖೇಡದ ಹಿರಿಯರೊಬ್ಬರು ಮದುವೆಗೆ ಬಂದು, ಪಂಕ್ತಿಯಲ್ಲಿ ಕೂತು, ಹೋಳಿಗೆ ಬಡಿಸುವ ತನಕ ಕಾದು, ಹೋಳಿಗೆ ಎಲೆಗೆ ಬಿದ್ದ ಮೇಲೆ ಎದ್ದುಹೋದದ್ದು ಇದೆ. ಮೊದಲೇ ಎದ್ದುಹೋದರೆ ಯಾರ ಗಮನಕ್ಕೂ ಬರುವುದಿಲ್ಲವಲ್ಲ!

ಹೀಗಾಗಿ ಮಾವನದು ಒಂದೇ ಧರ್ಮ. "ಹೆಸರು ಕೂಡಸಿದ್ರ ಕಾಗದ ದೊಡ್ಡದಾಗತೈತಿ, ಹೆಸರು ಬಿಟ್ರ ಜಗಳ ದೊಡ್ಡದಾಗತೈತಿ. ಕಾಗದ ಸೋವಿ," ಎನ್ನುತ್ತಿದ್ದ.

ಆದರೆ ಅವನಿಗೊಂದು ಕೊರಗಿತ್ತು. ಲಗ್ನಪತ್ರಿಕೆಯ ಆಯುಷ್ಯ ಅಕ್ಷತೆ ಬೀಳುವ ತನಕ ಮಾತ್ರ. ಮರುದಿನ ಅದರಲ್ಲಿ ಅರಿಷಿಣದ ಪುಡಿ ಕಟ್ಟುತ್ತಾರೆ, ಮಂಚದ ಕಾಲು ಅಲುಗಾಡಿದರೆ ಮಡಿಸಿ ಕೆಳಗೆ ಕೊಡುತ್ತಾರೆ. ಎಷ್ಟು ಚೆಂದದ ಅಕ್ಷರ, ಎಷ್ಟು ನಾಜೂಕಿನ ಬಳ್ಳಿ ಅಂಚು! ಮಾವ ನಿಟ್ಟುಸಿರು ಬಿಟ್ಟು ಹೇಳುತ್ತಿದ್ದ: "ನಾ ಛಾಪಿಸಿದ್ದು ಒಂದರ ಕಾಗದ ಮಂದಿ ಗ್ವಾಡಿಗಿ ಮೊಳಿ ಹೊಡದು ಇಟಗೋಬೇಕವ್ವಾ. ತಾರೀಖು ದಾಟಿದ ಮ್ಯಾಲೂ ಅದು ಅಲ್ಲೇ ಇರಬೇಕು. ಅಷ್ಟಾದ್ರ ಸಾಕು."

ಎರಡು ಸಾವಿರದ ಇಸವಿ ದಾಟಿದ ಹೊಸತು. ಸೊಲ್ಲಾಪುರದ ಕಡೆಯ ಒಂದು ಕಂಪನಿಯವರು ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಪಂಪು ಮಾಡುತ್ತಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿಗೆ ಪಂಪು ಮಾರುವ ಜವಾಬ್ದಾರಿ ಹೊತ್ತ ಒಬ್ಬ ಸಾಹೇಬರು ಪಂಪಿನ ಜೊತೆಗೆ ಒಂದು ಇಂಗ್ಲಿಷ್ ಹಾಳೆ ಹಿಡಿದು ಮಾವನ ಬಾಗಿಲಿಗೆ ಬಂದರು. ಪಂಪನ್ನು ಹೇಗೆ ಜೋಡಿಸಬೇಕು, ಹೇಗೆ ಹೊಡೆಯಬೇಕು ಎಂಬ ಹಾಳೆ ಅದು. ಕನ್ನಡದ್ದು ಮೊದಲೇ ಒಂದಿತ್ತು, ದಕ್ಷಿಣದಲ್ಲಿ ಎಲ್ಲೋ ಮಾಡಿಸಿದ್ದು. ಅದನ್ನು ಓದಿದ ರೈತರು ಇದು ಯಾವ ದೇವರ ಸ್ತೋತ್ರ ಎಂದು ಕೇಳಿದ್ದರಂತೆ.

"ನಿಮ್ಮ ಕಡೀ ಮಾತಿನಾಗ ಮಾಡಿ ಕೊಡ್ರಿ," ಎಂದರು ಸಾಹೇಬರು. ಮರಾಠಿ ಬೆರೆತ ಕನ್ನಡ ಅವರದು. "ನಾ ಒಂದ ಪರೀಕ್ಷಾ ಮಾಡ್ತೇನಿ. ಪಂಪು ಎಂದೂ ಮುಟ್ಟದವರ ಕೈಯಾಗ ಕೊಡ್ತೇನಿ. ಒಬ್ಬರು ಹಾಳಿ ಓದಬೇಕು, ಅವರು ಕೇಳಿ ಜೋಡಸಬೇಕು. ಯಾರೂ ಬೆರಳ ಮಾಡಿ ತೋರಸಬಾರದು. ಜೋಡಸಿದ್ರ ಬರೂ ವರ್ಷದಿಂದ ಎಲ್ಲಾ ಹಾಳಿ ನಿಮ್ಮಲ್ಲೇ."

ರೈತರು ಪಂಪಿನ ಹಾಳೆಯನ್ನು ಎಲ್ಲಿಡುತ್ತಾರೆ ಎಂದು ಮಾವ ಕೇಳಿದ.

"ಪಂಪು ತೂಗಹಾಕೂ ಗ್ವಾಡಿಗೇ ಹೊಡದಿರತಾರ."

ಮಾವನ ಕಣ್ಣು ಹೊಳೆದದ್ದನ್ನು ನಾನು ನೋಡಿದೆ.

ನಾನಾಗ ಪದವಿ ಮುಗಿಸಿ, ಕಂಪ್ಯೂಟರ್ ಕಲಿತು, ಹೊರ್ತಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಮಾವನ ಛಾಪಖಾನೆಯಲ್ಲಿ ಅಕ್ಷರ ಹೊಡೆಯುತ್ತಿದ್ದೆ. ಅದೇ ಕಾಲಕ್ಕೆ ಮಾವ ಎಲ್ಲಿಂದಲೋ ಒಂದು ಸಿ.ಡಿ. ತಂದಿದ್ದ. ಇಂಗ್ಲಿಷ್ ಹಾಕಿದರೆ ಕನ್ನಡ ಕೊಡುವ ತಂತ್ರಾಂಶ. ಹಾಳೆ ಹಾಕಿ ನೋಡಿದೆವು. ಪಂಪು "ಪೃಷ್ಠವಾಹಕ ಸಿಂಚಕ" ಆಯಿತು, ಅದರ ಮುಚ್ಚಳ "ಆವರಣಕ" ಆಯಿತು. ಮಾವ ಪರದೆಗೆ ಕೈಮುಗಿದ.

ಆದರೆ ಆ ತಂತ್ರಾಂಶದಲ್ಲಿ ಒಂದು ಗುಣವಿತ್ತು. "ನಿಮ್ಮ ಪದಗಳು" ಎಂಬ ಒಂದು ಪಟ್ಟಿ ತೆರೆಯುತ್ತಿತ್ತು. ಎಡಗಡೆ ಇಂಗ್ಲಿಷ್ ಮಾತು, ಬಲಗಡೆ ನಮಗೆ ಬೇಕಾದ ಮಾತು. ಒಮ್ಮೆ ಬರೆದಿಟ್ಟರೆ ಮುಗಿಯಿತು. ಹಾಳೆಯಲ್ಲಿ ಆ ಮಾತು ಬಂದಲ್ಲೆಲ್ಲ ತನ್ನ ಪಾಂಡಿತ್ಯ ಬದಿಗಿಟ್ಟು ನಾವು ಹೇಳಿದ್ದನ್ನೇ ಹಾಕುತ್ತಿತ್ತು.

"ಒಮ್ಮಿ ಹೇಳಿದ್ರ ಕೇಳತೈತಿ ಅಂತಿ?" ಎಂದ ಮಾವ.

"ಹೌದು ಮಾವಾ. ಎದುರು ಮಾತಾಡಂಗಿಲ್ಲ."

"ನಮ್ಮ ಮನಿತನದಾಗ ಇಂಥಾದ್ದು ಇದ ಮೊದಲು ನೋಡವ್ವಾ."

ಆದರೆ ನಾಲ್ಕು ತಾಲೂಕಿಗೆ ತಿಳಿಯುವ ಮಾತು ಯಾವುದು? ಅದಕ್ಕೂ ಮಾವನಲ್ಲಿ ಉಪಾಯವಿತ್ತು. ನಮ್ಮ ಅಜ್ಜ ಹಿಂದೆ ಏನು ನೆನೆಸಿಕೊಂಡು ಮಾಡಿದ್ದನೋ, ನಾಲ್ಕು ಹೆಣ್ಣುಮಕ್ಕಳನ್ನು ಸರಿಯಾಗಿ ಆ ನಾಲ್ಕು ತಾಲೂಕಿಗೇ ಕೊಟ್ಟಿದ್ದ. ಹಿರಿಯವಳು ನಮ್ಮವ್ವ, ಇಂಡಿ ತಾಲೂಕಿನ ಹೊರ್ತಿಗೆ. ಅವಳ ಕೆಳಗಿನವಳು ಸಿಂದಗಿಗೆ, ಅವಳ ಕೆಳಗಿನವಳು ಮುದ್ದೇಬಿಹಾಳಕ್ಕೆ, ಎಲ್ಲರಿಗಿಂತ ಕಿರಿಯವಳು ಬಾಗೇವಾಡಿ ತಾಲೂಕಿನ ಮನಗೂಳಿಗೆ. ಮಾವ ಈ ನಾಲ್ವರ ಬೆನ್ನಿಗೆ ಹುಟ್ಟಿದವನು. ನಾಗರಪಂಚಮಿಗೆ ನಾಲ್ವರೂ ತವರಿಗೆ ಬರುವವರೇ.

ಬಂದರು. ಪಡಸಾಲೆಯ ತೊಲೆಗೆ ಜೋಕಾಲಿ ಬಿತ್ತು, ಶೇಂಗಾ ಉಂಡಿಯ ಡಬ್ಬಿ ತೆರೆಯಿತು. ಮಾವ ಪಂಪನ್ನು ತಂದು ನಡುವೆ ನಿಲ್ಲಿಸಿದ. ನಾನು ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ, ಕಿವಿ ಈ ಕಡೆ ಇಟ್ಟು ಕೂತೆ.

"ಅಕ್ಕದೇರಾ, ನಾ ಒಂದೊಂದ ಮುಟ್ಟಿ ತೋರಸ್ತೇನಿ. ನಿಮ್ಮ ಕಡೆ ಏನಂತಾರ ಹೇಳ್ರಿ. ಇದಕ್ಕ?" ಎಂದು ಮುಚ್ಚಳ ಮುಟ್ಟಿದ.

"ಝಾಕಣಿ," ಎಂದಳು ನಮ್ಮವ್ವ.

"ಏನ್ ಝಾಕಣಿಬೇ! ಢಕ್ಕಣ ಅನ್ನು," ಎಂದಳು ಸಿಂದಗಿ ಚಿಗವ್ವ. "ನಮ್ಮೂರಾಗ ಝಾಕಣಿ ಅಂದ್ರ ನಾಯಿನೂ ಹೊಳ್ಳಿ ನೋಡಂಗಿಲ್ಲ."

"ನೀವಿಬ್ಬರೂ ಬ್ಯಾರೆ ಮಂದಿ ಮಾತು ಎತ್ತಿಕೊಂಡ ಬಂದೀರಿ," ಎಂದಳು ಮುದ್ದೇಬಿಹಾಳ ಚಿಗವ್ವ. "ಮುಚ್ಚತೈತಿ, ಅದಕ ಮುಚ್ಚಳಿಕಿ. ತೊಟ್ಟಿಲಾನ ಕೂಸಿಗೂ ತಿಳೀತೈತಿ."

ಮನಗೂಳಿ ಚಿಗವ್ವ ಜೋಕಾಲಿ ನಿಲ್ಲಿಸದೆಯೇ ತೀರ್ಪು ಕೊಟ್ಟಳು: "ಇಟ್ಟು ಮುಚ್ಚೋದು ಮುಚ್ಚಳಿಕಿ. ತಿರುವಿ ಕೂಡಸೋದು ಬಿರಡಿ. ಇದು ಬಿರಡಿ."

ಮಾವ ನಾಲ್ವರನ್ನೂ ನೋಡಿದ. "ಅಲ್ಲಬೇ, ನಾಲ್ಕೂ ಮಂದಿ ಇದ ಮನ್ಯಾಗ ಹುಟ್ಟೀರಿ. ಅವ್ವ ಝಾಕಣಿ ಅಂತಿದ್ದಳು, ನೀವೂ ಝಾಕಣಿ ಅಂತನ ಬೆಳದೀರಿ. ನಾ ಕಿವಿಯಾರೆ ಕೇಳೇನಿ."

"ಅವಾಗ ಅಂತಿದ್ವಿ," ಎಂದಳು ಸಿಂದಗಿ ಚಿಗವ್ವ. "ಈಗ ನಾ ಈ ಮನಿಯಾಕಿ ಏನು? ನಾಳಿ ಈ ಕಾಗದ ನಮ್ಮ ಅತ್ತಿ ಕೈಯಾಗ ಬಂದ್ರ ಏನಂತಾರ? ತವರ ಮನ್ಯಾಗ ಉಂಡಿ ತಿನಕೋತ ಕುಂತು ನಮ್ಮ ಮಾತು ಬಿಟ್ಟು ಬಂದಾಳ ನೋಡು, ಅಂತಾರ."

ಅದು ನಿಜವೇ. ಉಳಿದ ಇಬ್ಬರೂ ತಲೆಯಾಡಿಸಿದರು. ಮೂವರಿಗೂ ಅತ್ತೆಯರಿದ್ದರು, ಮೂವರು ಅತ್ತೆಯರಿಗೂ ಕಿವಿ ಚುರುಕಾಗಿತ್ತು. ಹಾಗೆ ನೋಡಿದರೆ ಈ ಮಾತುಗಳೆಲ್ಲ ಆಯಾ ತಾಲೂಕಿನವೇ ಎಂದು ನಾನು ಆಣೆ ಇಡಲಾರೆ. ಆಯಾ ಚಿಗವ್ವನ ಗಂಡನ ಮನೆಯವು ಎಂಬುದಂತೂ ಖರೆ.

ನೀರು ಚಿಮ್ಮುವ ತುದಿಗೆ ಅವ್ವ ತೋಟಿ ಎಂದಳು, ಸಿಂದಗಿಯವಳು ಮೂತಿ, ಮುದ್ದೇಬಿಹಾಳದವಳು ಚುಂಚು, ಮನಗೂಳಿಯವಳು ಸೊಂಡಿ. ಹೆಗಲಿಗೆ ಹಾಕುವ ಪಟ್ಟಿಗೆ ಮನಗೂಳಿ ಚಿಗವ್ವ ಜತ್ತಗಿ ಎಂದಾಗ ಸಿಂದಗಿಯವಳು ಬಾಯಿಗೆ ಸೆರಗು ಹಿಡಿದಳು.

"ಜತ್ತಗಿ ಎತ್ತಿನ ಕೊಳ್ಳಿಗಿ ಕಟ್ಟೂದಬೇ! ಇದನ್ನ ಹೊತಗೊಳ್ಳೋರು ಗಂಡಸರು."

"ಹೌದಲ್ಲ ಮತ್ತ. ಹೊಲಕ್ಕ ಹೋಗೋರು ಇಬ್ಬರೂ ಕೂಡೇ ಹೋಗತಾರ, ಇಬ್ಬರಿಗೂ ಹಿಂದಿನಿಂದ ಒಬ್ಬರು ಬೈಕೋತ ಹೋಗಬೇಕು."

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಒಟ್ಟಿಗೆ ಕೆಮ್ಮಿದರು.

ಒತ್ತುವ ಹಿಡಿಗೆ ಬರುವ ಹೊತ್ತಿಗೆ ದನಿ ಏರಿತ್ತು. ಜೋಕಾಲಿ ನಿಂತಿತ್ತು. ಉಂಡಿಯ ಡಬ್ಬಿಗೆ ಯಾರೂ ಕೈ ಹಾಕುತ್ತಿರಲಿಲ್ಲ, ಇದು ನಮ್ಮ ಮನೆತನದಲ್ಲಿ ಅಪಾಯದ ಗುರುತು. ಮಾವ ಎದ್ದು ನಿಂತ. ಇಷ್ಟು ವರ್ಷದ ಕಸುಬು ಅವನ ಬೆನ್ನಿಗೆ ಬಂತು.

"ಯಾರದೂ ಬಿಡೂದು ಬ್ಯಾಡ. ಎಲ್ಲಾ ಹಾಕು," ಎಂದು ನನಗೆ ಕೂಗಿದ.

"ಮಾವಾ, ಒಂದಕ್ಕ ಒಂದ ಮಾತು ಹಾಕಬೇಕು."

"ಬಲಗಡೆ ಜಾಗ ಐತೇನಿಲ್ಲ?"

"ಜಾಗೇನೋ ಐತಿ..."

"ಜಾಗ ಇದ್ದ ಮ್ಯಾಲ ಬಿಡೂದ್ಯಾಕ?"

ಹಾಕಿದೆ. ಹಿರಿತನದ ಪ್ರಕಾರ ಹಾಕಿದೆ. ಮನಗೂಳಿ ಚಿಗವ್ವ ಹಿಂದೆ ಬಂದು ನಿಂತು ಪರದೆ ನೋಡಿ, "ಎಲ್ಲಾದರಾಗೂ ನಾನ ಕಡಿಗೇನು?" ಎಂದಳು. ಆದ್ದರಿಂದ ಮುಚ್ಚಳದಲ್ಲಿ ಹೊರ್ತಿ ಮೊದಲು, ತುದಿಯಲ್ಲಿ ಸಿಂದಗಿ ಮೊದಲು, ಹಿಡಿಯಲ್ಲಿ ಮುದ್ದೇಬಿಹಾಳ, ಪಟ್ಟಿಯಲ್ಲಿ ಮನಗೂಳಿ. ಬೀಗರ ಸಾಲು ಕೂಡಿಸುವಾಗ ಮಾವ ಬಳಸುತ್ತಿದ್ದ ಹಳೆಯ ಯುಕ್ತಿ ಅದು. ತಂತ್ರಾಂಶ ಕಮಕ್ ಕಿಮಕ್ ಅನ್ನಲಿಲ್ಲ. ಒಂದು ಹಾಳೆಯ ಇಂಗ್ಲಿಷನ್ನು ನುಂಗಿ, ಪಿನ್ನು ಹೊಡೆದು ಹಿಡಿಯಬೇಕಾದಷ್ಟು ಕನ್ನಡ ಹೊರಗೆ ಹಾಕಿತು.

ಮಾವ ಪಡಸಾಲೆಯಲ್ಲಿ ನಿಂತು ಅದನ್ನು ಓದಿದ. "ಮೊದಲು ಝಾಕಣಿ-ಢಕ್ಕಣ-ಮುಚ್ಚಳಿಕಿ-ಬಿರಡಿ ತೆಗೆದು, ನೀರು ತುಂಬಿ, ಝಾಕಣಿ-ಢಕ್ಕಣ-ಮುಚ್ಚಳಿಕಿ-ಬಿರಡಿ ಬಿಗಿದು, ಜತ್ತಗಿ-ಪಟ್ಟಾ-ಬಾರು-ವಾರು ಹೆಗಲಿಗೆ ಏರಿಸಿ..." ಒಬ್ಬೊಬ್ಬಳೂ ತನ್ನ ಮಾತು ಬಂದಾಗ ತಲೆದೂಗಿದಳು. ಸಿಂದಗಿ ಚಿಗವ್ವನ ಮುಖದಲ್ಲಿ ಅತ್ತೆಯ ಭಯ ಇಳಿದು ಹೋಯಿತು. ಉಂಡಿಯ ಡಬ್ಬಿ ಮತ್ತೆ ತಿರುಗಾಡಿತು.

"ಹೆಂಗೈತಿ?" ಎಂದ ಮಾವ.

"ಭಾರೀ ಐತಿ," ಎಂದರು ನಾಲ್ವರೂ.

ಪಂಚಮಿ ಮುಗಿಸಿ ಚಿಗವ್ವಂದಿರು ಊರಿಗೆ ಹೋಗುವ ಮೊದಲು ಅಕ್ಕನ ಮನೆ ಎಂದು ಹೊರ್ತಿಗೆ ಬಂದರು. ಪರೀಕ್ಷೆಯೂ ಅಲ್ಲಿಯೇ, ನಮ್ಮ ನಿಂಬೆ ತೋಟದಲ್ಲಿ ಎಂದು ನಿಶ್ಚಯವಾಯಿತು. ಸಾಹೇಬರು ಹೊಸ ಪಂಪಿನ ಬಿಡಿ ಭಾಗಗಳನ್ನು ಗೋಣಿಚೀಲದ ಮೇಲೆ ಹರಡಿದರು. ಪಂಪು ಎಂದೂ ಮುಟ್ಟದವರು ಯಾರು ಎಂದು ಕೇಳಿ ಸಿಂದಗಿ ಚಿಗವ್ವನನ್ನು ಆರಿಸಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಓದುವುದು ನಮ್ಮ ಅಪ್ಪ.

ಅಪ್ಪ ಏನನ್ನು ಓದಿದರೂ ಪುರಾಣದ ರಾಗದಲ್ಲೇ ಓದುತ್ತಿದ್ದ. ಕರೆಂಟಿನ ಬಿಲ್ಲನ್ನೂ. "ಝಾಕಣಿ... ಢಕ್ಕಣ... ಮುಚ್ಚಳಿಕಿ... ಬಿರಡಿ..." ಎಂದು ಶುರು ಮಾಡಿದ್ದೇ ತಡ, ಅಕ್ಕತಂಗಿಯರು ಒಬ್ಬರಾದ ಮೇಲೆ ಒಬ್ಬರು ತಲೆದೂಗತೊಡಗಿದರು. ಸಿಂದಗಿ ಚಿಗವ್ವ ಢಕ್ಕಣ ಕೇಳಿದ ಕೂಡಲೇ ಅದನ್ನು ಕೈಗೆತ್ತಿಕೊಂಡಳು. ಮುಂದೆ ಬಂದ ಮುಚ್ಚಳಿಕಿ ಬೇರೆ ಇನ್ನೇನೋ ಇರಬೇಕು ಎಂದು ಗೋಣಿಚೀಲದ ಮೇಲೆ ಹುಡುಕಿದಳು. ಮನೆಯಲ್ಲಿ ಕೇಳುವಾಗ ಅವಳು ತನ್ನ ಮಾತನ್ನಷ್ಟೇ ಕೇಳಿದ್ದಳು. ಉಳಿದವರದನ್ನು ಕೇಳಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಪ್ಪ ರಾಗದಲ್ಲಿ ಮುಂದೆ ಹೋಗುತ್ತಲೇ ಇದ್ದ. ನೀರು ತುಂಬಿತು, ಪಟ್ಟಿ ಹೆಗಲೇರಿತು, ನಾಲ್ಕು ಹೆಸರಿನ ಹಿಡಿ ಕೈಗೆ ಬಂತು. ಒತ್ತಿರಿ ಎಂಬುದು ಪುಟದ ಕೊನೆಯ ಮಾತು. ಅದಕ್ಕೂ ಮೊದಲು ತುದಿಯನ್ನು ಬಿಗಿದುಕೊಂಡಿರಬೇಕು ಎಂಬ ಎಚ್ಚರಿಕೆ ಮುಂದಿನ ಪುಟಕ್ಕೆ ಜಾರಿತ್ತು. ಅಪ್ಪ ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುವ ಹೊತ್ತಿಗೆ ಚಿಗವ್ವ ಹೇಳಿದ್ದನ್ನು ಮಾಡಿ ಮುಗಿಸಿದ್ದಳು. ಜೋರಾಗಿಯೇ ಒತ್ತಿದಳು. ಬಿಗಿಯದ ತುದಿ ಹಾರಿಹೋಯಿತು, ನೀರು ನೇರ ಸಾಹೇಬರ ಎದೆಗೆ ಬಡಿಯಿತು.



ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪನ ಕೈಯಿಂದ ಪುಸ್ತಕ ತೆಗೆದುಕೊಂಡು ತಿರುವಿ ನೋಡಿದರು. "ಇದು ಯಾರ ಲಗ್ನಾರೀ?" ಎಂದರು.

ಮಾವನ ಮುಖ ಇಳಿದುಹೋಯಿತು. ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಅಂಗಿ ಒಣಗುವ ತನಕ ಇರುತ್ತೇನೆ, ಊಟ ಮಾಡಿ ಹೊರಡುತ್ತೇನೆ, ಬೇರೆ ಯಾರನ್ನಾದರೂ ನೋಡುತ್ತೇನೆ ಎಂದರು. ಅಪ್ಪನ ಅಂಗಿ ತೊಟ್ಟುಕೊಂಡು ಮಾವಿನ ಮರದ ಕೆಳಗೆ ಊಟಕ್ಕೆ ಕೂತರು. ಎದುರಿಗೆ ಮಾವ ರೊಟ್ಟಿಯನ್ನು ಮುರಿದು ಮುರಿದು ಹಾಗೇ ಬಿಡುತ್ತಿದ್ದ. ಹಿಂದೆ ಅಕ್ಕತಂಗಿಯರ ಪಿಸುಜಗಳ ನಡೆದಿತ್ತು.

"ನಿನ್ನ ಬಿರಡಿಯಿಂದ ಉದ್ದಾತು."

"ನಿನ್ನ ಮುಚ್ಚಳಿಕಿ ಏನು ಗಿಡ್ಡ ಐತೇನು?"

ಎಣ್ಣೆಗಾಯಿ ಬಡಿಸುತ್ತಿದ್ದ ಅವ್ವ ಸೌಟು ನಿಲ್ಲಿಸಿದಳು. "ಸುಮ್ಮನಿರ್ರಿ ಸಾಕು. ಲಗ್ನದ ಕಾಗದದಾಗ ಎಲ್ಲಾರೂ ಇರತಾರ, ಒಪ್ಪಿದೆ. ಲಗ್ನದ ಮನ್ಯಾಗ ನಾಲ್ಕು ಮಂದಿ ಕೂಡಿ ಒಂದ ಸೌಟು ಹಿಡೀತೀರೇನು? ಒಬ್ಬಾಕಿ ಕಾಯಿಪಲ್ಯಾ ನೋಡ್ತಾಳ, ಒಬ್ಬಾಕಿ ಬಡಸ್ತಾಳ. ಪಂಪಿಗೂ ಹಂಗ ಹಂಚಕೋರಿ. ಒಬ್ಬಾಕಿಗೆ ಒಂದ. ಮತ್ತೊಬ್ಬಾಕಿ ಅದರಾಗ ಕೈ ಹಾಕೂದ ಬ್ಯಾಡ."

ಮಾವ ತಲೆ ಎತ್ತಿದ.

"ಮುಚ್ಚೂದು ಸಿಂದಗೀಗೆ, ಢಕ್ಕಣ. ನೀರ ಬರೂದು ಮುದ್ದೇಬಿಹಾಳಕ್ಕ, ಚುಂಚು. ಹೊತಗೊಳ್ಳೂದು ಮನಗೂಳಿಗೆ, ಜತ್ತಗಿ. ಒತ್ತೂದು ನಂದು, ದಾಂಡು. ಮುಗೀತು."

"ಹಂಗಾದ್ರ ನಮ್ಮ ಅತ್ತಿಗೆ ಏನು ಹೇಳಲಿ? ಬರೇ ಒಂದ ಢಕ್ಕಣಾ..."

"ಇಡೀ ಪಂಪಿಗೆ ಢಕ್ಕಣ ನಮ್ಮನಿದು ಅಂತ ಹೇಳು. ಕೇಳದಿದ್ರ ನನ್ನ ಹತ್ರ ಕಳಸು."

ಸಾಹೇಬರು ಇನ್ನೊಂದು ರೊಟ್ಟಿ ಕೇಳಿದರು. ಅವರಿಗೂ ಇದು ನೋಡಬೇಕೆನಿಸಿರಬೇಕು.

ಮಾವ ಜೇಬಿನಿಂದ ಪೆನ್ನು ತೆಗೆದ. ಉಳಿದ ಮಾತುಗಳನ್ನು ಹೊಡೆದುಹಾಕಬೇಕಾಗಿತ್ತು. ಮೊದಲನೆಯ ಝಾಕಣಿಯ ಮೇಲೆ ಪೆನ್ನು ಇಟ್ಟವನು ಹಾಗೇ ಕೂತ. ಛಾಪಿಸಿದ ಹೆಸರನ್ನು ಕೈಯಾರೆ ತೆಗೆದ ಅಭ್ಯಾಸ ಅವನಿಗೆ ಜನ್ಮದಲ್ಲಿ ಇರಲಿಲ್ಲ. ಅದರಲ್ಲೂ ಅದು ಅವನ ತಾಯಿಯ ಬಾಯಿಯ ಮಾತು. ಪೆನ್ನನ್ನು ನನ್ನ ಕೈಗೆ ಕೊಟ್ಟು, "ನೀ ಹೊಡಿಯವ್ವಾ. ನಾ ನಿಂಬಿ ಗಿಡ ನೋಡಿ ಬರ್ತೇನಿ," ಎಂದು ಎದ್ದು ಹೋದ. ನಾನು ಹೊಡೆದೆ. ಬಿಗಿಯುವ ಎಚ್ಚರಿಕೆಯನ್ನು ಬಾಣ ಎಳೆದು ಒತ್ತುವ ಮಾತಿಗಿಂತ ಮುಂದೆ ತಂದೆ.

ಊಟದ ನಂತರ ಮತ್ತೆ ಗೋಣಿಚೀಲ ಹರಡಿತು. ಮತ್ತೆ ಸಿಂದಗಿ ಚಿಗವ್ವ. ಸಾಹೇಬರು ಈ ಸಲ ಅವಳ ಹಿಂದೆ ಹೋಗಿ ನಿಂತರು.

ಅಪ್ಪ ಓದಿದ. ಮಾತು ಕಡಿಮೆಯಾಗಿದ್ದರಿಂದ ಅವನ ರಾಗಕ್ಕೆ ಜಾಗವಿರಲಿಲ್ಲ. ಢಕ್ಕಣ ತೆಗೆಯಿತು, ನೀರು ತುಂಬಿತು, ಢಕ್ಕಣ ಬಿಗಿಯಿತು. ಜತ್ತಗಿ ಹೆಗಲಿಗೆ ಏರಿತು. ಅದನ್ನು ಏರಿಸುವಾಗ ಅವಳು ಮನಗೂಳಿಯವಳ ಕಡೆ ಒಂದು ನೋಟ ಬಿಟ್ಟಳು. ದಾಂಡು ಹುಟ್ಟಿದ ಮನೆಯ ಮಾತು, ಕೈ ತಾನೇ ಹೋಯಿತು. "ಒತ್ತುವ ಮೊದಲು ಚುಂಚು ಬಿಗಿಯಿರಿ," ಎಂದು ಓದಿ ಅಪ್ಪ ನಿಂತ.

ಚಿಗವ್ವನೂ ನಿಂತಳು. ಊಟದ ಹೊತ್ತಿನಲ್ಲೂ ಅವಳ ಕಿವಿ ತನ್ನ ಢಕ್ಕಣದ ಹತ್ತಿರವೇ ನಿಂತುಬಿಟ್ಟಿತ್ತು. "ಚುಂಚು ಅಂದ್ರ ಯಾವುದಬೇ?"

ಮುದ್ದೇಬಿಹಾಳ ಚಿಗವ್ವನ ಬೆರಳು ಅರ್ಧಕ್ಕೆ ಎದ್ದಿತು. ಸಾಹೇಬರು ಕೈ ಅಡ್ಡ ಮಾಡಿದರು. ಬೆರಳು ಸೆರಗಿನೊಳಗೆ ಹೋಯಿತು. ದೂರದಲ್ಲಿ ಮಾವ ಎಂದೋ ಮುಗಿಸಬಹುದಾಗಿದ್ದ ಒಂದೇ ನಿಂಬೆ ಗಿಡವನ್ನು ಇನ್ನೂ ನೋಡುತ್ತಿದ್ದ.

ಚಿಗವ್ವ ತನ್ನ ಮೈಮೇಲೆ ತಾನೇ ಲೆಕ್ಕ ಹಾಕಿದಳು. "ತಡೀರಿ. ಢಕ್ಕಣ ನಂದು, ಕುಂತೈತಿ. ಜತ್ತಗಿ ಹೆಗಲ ಮ್ಯಾಲೈತಿ, ಎತ್ತು ಆಗೇನಿ. ದಾಂಡು ಕೈಯಾಗೈತಿ. ಹೆಸರಿಲ್ದ ಉಳದದ್ದು ಇದೊಂದ. ಹಂಗಾದ್ರ ಇದ ಚುಂಚು."

ಬಿಗಿದಳು. ಒತ್ತಿದಳು. ನಿಂಬೆ ಎಲೆಗಳ ಮೇಲೆ ಸಣ್ಣ ತುಂತುರು ಬಿತ್ತು. ಅಕ್ಕತಂಗಿಯರು ಹೋ ಎಂದು ಕೂಗಿದರು. ಸಂತೋಷದಲ್ಲಿ ಅವಳು ತಿರುಗಿದ್ದರಿಂದ ಸಾಹೇಬರು ಅಪ್ಪನ ಅಂಗಿಯಲ್ಲೂ ಸ್ವಲ್ಪ ತೊಯ್ದರು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮರುದಿನ ಇಂಡಿಯಲ್ಲಿ ಪಟ್ಟಿ ತೆರೆದು ಒಂದೊಂದು ಸಾಲಿನಲ್ಲೂ ಒಂದೊಂದೇ ಮಾತು ಉಳಿಸಿದೆ. ತಂತ್ರಾಂಶ ನಾಲ್ಕನ್ನು ಒಪ್ಪಿದಷ್ಟೇ ಶಾಂತವಾಗಿ ಒಂದನ್ನೂ ಒಪ್ಪಿತು. ಎಲ್ಲ ಒಂದೇ ಹಾಳೆಯಲ್ಲಿ ಕೂತಿತು. ಕೆಳಗೆ ಬೆರಳಗಲ ಜಾಗ ಉಳಿಯಿತು. ಮಾವ ಆ ಜಾಗವನ್ನು ಬಹಳ ಹೊತ್ತು ನೋಡಿದ.

"ಹೀಗೂ ಅನ್ನುವವರಿದ್ದಾರೆ, ಅಂತ ಬರದು ಉಳದದ್ದೆಲ್ಲಾ ಹಾಕಿಬಿಡು. ಸಣ್ಣ ಅಕ್ಷರದಾಗ."

ಹಾಳೆ ನೋಡಿದ ಸಾಹೇಬರು ನಕ್ಕರು. "ಇಷ್ಟು ಸಣ್ಣ ಅಕ್ಷರ ಯಾರು ಓದತಾರ್ರಿ?"

"ತಮ್ಮದು ಐತೇನಿಲ್ಲ ನೋಡೋರು ಓದತಾರ್ರಿ," ಎಂದ ಮಾವ.

ಕೆಲವು ವರ್ಷಗಳ ಮೇಲೆ ಒಂದು ಸೀಮಂತಕ್ಕೆಂದು ನಾನು ನಮ್ಮ ಇಂಡಿ ತಾಲೂಕಿನದೇ ಆದ ಅಗರಖೇಡಕ್ಕೆ ಹೋಗಿದ್ದೆ. ಆ ಮನೆಯ ಹಿತ್ತಲಲ್ಲಿ ಯಜಮಾನರು ಪಂಪು ಬಿಚ್ಚಿಕೊಂಡು ಕೂತು, "ಚುಂಚು ಕಟ್ಟೇತಿ, ಸೂಜಿ ತಾ," ಎಂದು ಒಳಗೆ ಕೂಗುತ್ತಿದ್ದರು. ನಿಮ್ಮ ಊರಲ್ಲಿ ಇದಕ್ಕೆ ತೋಟಿ ಅನ್ನುವುದಿಲ್ಲವೇ ಎಂದೆ. "ತೋಟಿ ಅಂದ್ರ ನಳದ್ದು. ಪಂಪಿನದಕ್ಕ ಮೊದಲಿಂದಲೂ ಚುಂಚು ಅಂತನ ಅಂತೇವಿ," ಎಂದರು.

ಇಂಡಿಗೆ ಬಂದು ಮಾವನಿಗೆ ಹೇಳಿದೆ. ಅವನಾಗ ಕನ್ನಡಕ ಹಣೆಗೇರಿಸಿ ಯಾರದೋ ಬೀಗರ ಸಾಲು ಎಣಿಸುತ್ತಿದ್ದ. ಚುಂಚು ಊರು ದಾಟಿದ್ದು, ಅದು ಮೊದಲಿಂದಲೂ ಇದ್ದ ಮಾತೇ ಆಗಿಹೋದದ್ದು, ಯಾವುದೂ ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

"ಹಾಳಿ ಎಲ್ಲಿತ್ತು?" ಎಂದ.

"ಪಂಪಿನ ಬಾಜೂಕ, ಗ್ವಾಡಿಗಿ."

"ಅಂಟಿಸಿದ್ರೋ, ಮೊಳಿ ಹೊಡದಿದ್ರೋ?"

"ಮೊಳಿ ಹೊಡದಿದ್ರು ಮಾವಾ. ತುಕ್ಕು ಹಿಡದಿತ್ತು."

ಮಾವ ಕನ್ನಡಕ ಕೆಳಗಿಳಿಸಿ ಬೀಗರ ಸಾಲನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದ.